ಹಿಮಗಾಲುವೆಯ ಮುಚ್ಚಳ

ಬಡಿದ ರೀತಿಯಲ್ಲೇ ಗೊತ್ತಾಯಿತು, ಬಂದವರು ಒಳ್ಳೆಯ ಸುದ್ದಿ ತಂದಿಲ್ಲವೆಂದು. ನಮ್ಮ ಬೀದಿಯಲ್ಲಿ ಬಾಗಿಲು ಬಡಿಯುವ ಪದ್ಧತಿಯೇ ಇಲ್ಲ. ಬಾಗಿಲನ್ನು ಒಂದು ಗೇಣು ಸರಿಸಿ, ತಲೆಯನ್ನಷ್ಟೇ ಒಳಗೆ ತೂರಿಸಿ, ಇದ್ದೀರಾ ಎಂದು ಮೆಲ್ಲಗೆ ಕೇಳುವುದು ರೂಢಿ. ಮುಷ್ಟಿ ಕಟ್ಟಿ ಬಡಿಯುವುದು ಬೆಂಕಿ ಬಿದ್ದಾಗ, ಇಲ್ಲವೇ ಯಾರಾದರೂ ಸತ್ತಾಗ. ಜಪಾನಿಗೆ ಬಂದು ಒಂದು ಚಳಿಗಾಲವನ್ನೂ ಪೂರ್ತಿ ಕಾಣದ ಲಿಗಾಯಳಿಗೂ ಅಷ್ಟು ಅರ್ಥವಾಗಿತ್ತು. ಹೊದ್ದ ರಜಾಯಿಯನ್ನು ಹಾಗೇ ಹೆಗಲ ಮೇಲೆ ಎಳೆದುಕೊಂಡು ಓಡಿಬಂದು ಬಾಗಿಲು ತೆರೆದಳು.

ಹೊರಗೆ ಕುರಮೊಚಿ ನಿಂತಿದ್ದ. ಬೀದಿಯ ಮುಖಂಡನೂ ಅವನೇ, ಅವಳಿಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನನೂ ಅವನೇ. ಇನ್ನೂ ನಸುಗತ್ತಲು. ಹಿಮ ಒಂದೇ ಸಮನೆ ಸುರಿಯುತ್ತಿತ್ತು, ಅವನ ಟೋಪಿಯ ಮೇಲೆ ಆಗಲೇ ಎರಡು ಬೆರಳು ಕೂತಿತ್ತು.

"ಕಿಯೋ ಅಜ್ಜಿ ನಿಮ್ಮನೇಲಿದಾರಾ?"

"ಇಲ್ಲ."

"ಬೆಳಿಗ್ಗೆ ಏನಾದ್ರೂ ಕಂಡ್ರಾ?"

"ಇಲ್ಲ. ನಾನು ಮಲಗಿದ್ದೆ. ಏನಾಯ್ತು?"

"ಮನೇಲಿಲ್ಲ. ದೀಪ ಉರೀತಿದೆ, ಒಲೆ ಮೇಲೆ ಕೆಟಲ್ಲು ಬತ್ತಿ ಸುಟ್ಟುಹೋಗಿದೆ. ಬೂಟು ಇಲ್ಲ." ಇಷ್ಟು ಹೇಳಿ ಕುರಮೊಚಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. "ಅದಿರಲಿ, ಇದನ್ನ ತೆಗೆದಿದ್ದು ಯಾರು?"

ಅವನ ಬೆನ್ನ ಹಿಂದೆ, ಲಿಗಾಯಳ ಮನೆಯ ಮುಂದೆಯೇ, ಕಾಲುವೆಯ ಕಬ್ಬಿಣದ ಮುಚ್ಚಳ ಬಾಯಿ ತೆರೆದು ಬಿದ್ದಿತ್ತು. ಒಳಗೆ ಕಪ್ಪು ನೀರು ಮೊರೆಯುತ್ತಾ ಓಡುತ್ತಿತ್ತು.

ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ, ಸುರಿಯುತ್ತದೆ. ಬಿದ್ದದ್ದನ್ನು ಎಲ್ಲಿ ಹಾಕುವುದು? ಅದಕ್ಕೇ ಪ್ರತಿ ಬೀದಿಯ ಅಡಿಯಲ್ಲಿ ಒಂದು ಕಾಲುವೆ. ಬೆಳಕು ಹರಿಯುವ ಮೊದಲು ಒಮ್ಮೆ, ಸಂಜೆ ಒಮ್ಮೆ ನದಿಯ ನೀರು ಬಿಡುತ್ತಾರೆ. ಆ ಹೊತ್ತಿನಲ್ಲಿ ಅವರವರ ಮನೆ ಮುಂದಿನ ಮುಚ್ಚಳ ತೆಗೆದು, ಗೋರಿದ ಹಿಮವನ್ನೆಲ್ಲ ಒಳಗೆ ತಳ್ಳಬೇಕು. ಆಮೇಲೆ ಮುಚ್ಚಳ ಹಾಕಿ ಕೊಕ್ಕೆ ಎಳೆಯಬೇಕು. ತೆಗೆದವರೇ ಮುಚ್ಚಬೇಕು. ನಮ್ಮಲ್ಲಿ ಹೆಂಡತಿಗೆ ಹೊಡೆದವನನ್ನು ಕ್ಷಮಿಸಿದ್ದುಂಟು, ಮುಚ್ಚಳ ಮರೆತವನನ್ನು ಕ್ಷಮಿಸಿದ್ದು ನನಗೆ ತಿಳಿದಿಲ್ಲ. ಅದರೊಳಗೆ ಬಿದ್ದವರನ್ನು ನೀರು ಎಳೆದುಕೊಂಡು ಹೋಗಿ ಊರಾಚೆಯ ಜಾಲರಿಗೆ ಬಡಿಯುತ್ತದೆ, ಅಷ್ಟೇ.

"ನಿನ್ನೆ ಸಂಜೆ ತೆಗೆದಿದ್ದು ನಾನು," ಎಂದಳು ಲಿಗಾಯ.

"ಮುಚ್ಚಿದ್ರಾ?"

ಹೂಂ ಎಂದುಬಿಡಬಹುದಿತ್ತು. ನೋಡಿದವರು ಯಾರೂ ಇರಲಿಲ್ಲ, ರಾತ್ರಿಯಿಡೀ ಸುರಿದ ಹಿಮ ಹೆಜ್ಜೆ ಗುರುತುಗಳನ್ನೆಲ್ಲ ನುಂಗಿ ನೀರು ಕುಡಿದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಸಹ. ಆದರೆ ನಿನ್ನೆ ಸಂಜೆ ಕೊನೆಯ ಸಲಿಕೆ ತಳ್ಳುತ್ತಿದ್ದಾಗ ಅಮ್ಮನ ಫೋನ್ ಬಂದಿತ್ತು. ಫೋನಿಗೆ ನಗುತ್ತಾ ಒಳಗೆ ಬಂದದ್ದು ನೆನಪಿದೆ. ಅದಕ್ಕೂ ಮೊದಲು ಕೈ ಮುಚ್ಚಳದ ಮೇಲಿತ್ತೋ, ಸಲಿಕೆಯ ಮೇಲಿತ್ತೋ, ಎಷ್ಟು ತಡಕಿದರೂ ಸಿಗಲಿಲ್ಲ.

"ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲ ಅಂದ್ರೆ?"

"ಮುಚ್ಚಿದ್ದೆ, ಅನ್ಸುತ್ತೆ. ನೆನಪಿಲ್ಲ."

ಕುರಮೊಚಿಯ ಹಿಂದೆ ಆಗಲೇ ಮೂರು ನಾಲ್ಕು ಜನ ಸೇರಿದ್ದರು. ಎದುರು ಮನೆಯ ಕ್ಷೌರಿಕನ ಹೆಂಡತಿ ಸೆತ್ಸು ಕೈಗವಸನ್ನು ಬಾಯಿಗೆ ಒತ್ತಿಕೊಂಡು, "ಅಯ್ಯೋ ದೇವರೇ, ಮೊದಲೇ ಹೇಳಿದ್ದೆ," ಎಂದಳು. ಏನನ್ನು ಮೊದಲೇ ಹೇಳಿದ್ದಳೆಂದು ಯಾರೂ ಕೇಳಲಿಲ್ಲ. ವಿದೇಶದವಳಿಗೆ ಮನೆ ಕೊಡಬೇಡಿ ಎಂದು ಅವಳು ಕುರಮೊಚಿಗೆ ಹೇಳಿದ್ದು ಬೀದಿಗೆಲ್ಲ ಗೊತ್ತಿತ್ತು.

*

ಲಿಗಾಯ ಹುಟ್ಟಿದ್ದು ಫಿಲಿಪೀನ್ಸಿನ ಬತಂಗಾಸಿನಲ್ಲಿ, ಕಡಲಿನ ಮಗ್ಗುಲಲ್ಲಿ. ಅಪ್ಪ ಮೀನು ಹಿಡಿಯುತ್ತಿದ್ದ, ಅಮ್ಮ ಒಣಗಿಸಿ ಮಾರುತ್ತಿದ್ದಳು. ಗಂಡನೆಂಬವನು ಮನಿಲಾಕ್ಕೆ ದುಡಿಯಲು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅತ್ತು ಕರೆದು ಮುಗಿಸಿದ ಮೇಲೆ ಅವಳು ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾ, ರಜೆಯಲ್ಲಿ ಜಪಾನಿ ಕಲಿತು, ಮೂವತ್ತು ದಾಟಿದ ಮೇಲೆ ನಮ್ಮೂರಿನ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಬಂದಳು. ಬಂದಾಗ ಶರತ್ಕಾಲ. ಸೂರುಗಳ ಕೆಳಗೆ ಕಾಕಿ ಎಂಬ ಕಿತ್ತಳೆ ಬಣ್ಣದ ಹಣ್ಣುಗಳ ಸಿಪ್ಪೆ ಸುಲಿದು, ಹಗ್ಗಕ್ಕೆ ಪೋಣಿಸಿ ಒಣಹಾಕಿದ್ದರು. ಹಣ್ಣನ್ನೂ ಮೀನಿನ ಹಾಗೆ ಒಣಗಿಸುವ ಊರು, ಬದುಕಬಹುದು ಎಂದುಕೊಂಡಳು.

ಬದುಕುವುದು ಅಷ್ಟು ಸಲೀಸಾಗಲಿಲ್ಲ. ಶೌಚಾಲಯದ ಚಪ್ಪಲಿಯಲ್ಲೇ ಊಟದ ಕೋಣೆಗೆ ಬಂದಳು. ಬಸ್ಸಿನಲ್ಲಿ ಫೋನೆತ್ತಿ ಮಾತಾಡಿ, ಇಡೀ ಬಸ್ಸು ಕಿಟಕಿ ನೋಡುವಂತೆ ಮಾಡಿದಳು. ತಪ್ಪು ದಿನ ಇಟ್ಟ ಕಸದ ಚೀಲ ಸಂಜೆ ಅವಳ ಹೊಸಿಲಿಗೇ ವಾಪಸು ಬಂತು. ಯಾರು ತಂದಿಟ್ಟರೆಂದು ಗೊತ್ತಾಗಲಿಲ್ಲ, ಯಾರೂ ಬೈಯಲೂ ಇಲ್ಲ. ನಮ್ಮ ಜನವೇ ಹಾಗೆ. ಬಾಯಿಬಿಟ್ಟು ಹೇಳಿದರೆ ಮುತ್ತು ಉದುರಿಹೋಗುತ್ತದೆಯೇನೋ ಎಂಬಂತೆ ಇರುತ್ತಾರೆ. ತಪ್ಪು ಮಾಡಿದವಳು ತಾನೇ ತಿಳಿದು ನಾಚಬೇಕು. ತಿಳಿಯುವುದು ಹೇಗೆ ಎಂದು ಕೇಳಿದರೆ ಅದೂ ಒಂದು ತಪ್ಪು.

ಎಲ್ಲಕ್ಕಿಂತ ದೊಡ್ಡ ತಮಾಷೆ ನಡೆದದ್ದು ಮೊದಲ ವಾರ. ಹೊಸದಾಗಿ ಬಂದವರು ಅಕ್ಕಪಕ್ಕದ ಮನೆಗಳಿಗೆ ಒಂದೊಂದು ಟವೆಲ್ಲು ಕೊಟ್ಟು, ಹೆಸರು ಹೇಳಿ, ಬಗ್ಗಿ, ಹಿಂದಿರುಗಬೇಕು. ಮನೆಯವರು 'ಒಳಗೆ ಬನ್ನಿ' ಅನ್ನುತ್ತಾರೆ. ಬರಬಾರದು. ಅದು ಬಾಯಿಮಾತು. ಲಿಗಾಯ ಟವೆಲ್ಲಿನ ಬದಲು ತೆಂಗಿನಹಾಲಿನಲ್ಲಿ ಬೇಯಿಸಿದ ಅಂಟಕ್ಕಿಯ ಸಿಹಿಯನ್ನು ಬಿಸಿಬಿಸಿಯಾಗಿ ತಟ್ಟೆಯಲ್ಲಿ ಹೊತ್ತುಕೊಂಡು ಪಕ್ಕದ ಮನೆಯ ಕಿಯೋ ಅಜ್ಜಿಯ ಬಾಗಿಲಿಗೆ ಹೋದಳು. ಅಜ್ಜಿ ರೂಢಿಯಂತೆ, "ಒಳಗೆ ಬನ್ನಿ," ಎಂದಳು. ಲಿಗಾಯ ಬೂಟು ಬಿಚ್ಚಿ ಒಳಗೆ ಹೋಗಿ ಕೂತಳು. ಕತ್ತಲಾಗುವ ತನಕ ಕೂತಿದ್ದಳು. ಅಜ್ಜಿ ಮೂರು ಸಲ ಚಹಾ ಸುರಿದು, ನಾಲ್ಕನೆಯ ಸಲ, "ನಿಮಗೆ ಕೆಲಸ ಇರಬಹುದು," ಎಂದಳು. "ಇಲ್ಲ, ಇವತ್ತು ರಜೆ," ಎಂದು ಲಿಗಾಯ ಸಂತೋಷದಿಂದ ಹೇಳಿದಳು.

ಈ ಕತೆಯನ್ನು ಕಿಯೋ ಅಜ್ಜಿ ತಿಂಗಳುಗಟ್ಟಲೆ ಹೇಳಿದಳು. ಎಂಬತ್ತು ದಾಟಿದ ಒಣಕಲು ಹೆಂಗಸು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ನಾಲಿಗೆ ಮಾತ್ರ ಬಾಣದ ಹಾಗೆ ನೆಟ್ಟಗಿತ್ತು. ಬೀದಿಯಲ್ಲಿ ಲಿಗಾಯಳನ್ನು ಬಾಯಿಬಿಟ್ಟು ಬೈಯುತ್ತಿದ್ದವಳು ಅವಳೊಬ್ಬಳೇ.

"ನಿನ್ನ ಮೀನಿನ ವಾಸನೆಗೆ ನನ್ನ ಬೆಕ್ಕು ದಿಕ್ಕಾಪಾಲಾಗಿದೆ ಕಣೇ."

"ಬೆಕ್ಕಿಗೆ ಇಷ್ಟ ಅಜ್ಜಿ. ದಿನಾ ಬಂದು ತಿನ್ನುತ್ತೆ."

"ಅದನ್ನೇ ನಾನೂ ಹೇಳ್ತಿರೋದು. ನನ್ನ ಮನೆ ಊಟ ಮುಟ್ಟಲ್ಲ ಈಗ. ಮತ್ತೆ ಬೆಳಿಗ್ಗೆ ಏಳೋದು ಕಲಿ. ಸೂರ್ಯ ಎದ್ದ ಮೇಲೆ ಏಳೋಕೆ ನೀನೇನು ಸೂರ್ಯನ ಸೊಸೆನಾ?"

ಬೆಳಿಗ್ಗೆ ಬೇಗ ಏಳುವ ಅಗತ್ಯ ಲಿಗಾಯಳಿಗೆ ಕಂಡಿರಲಿಲ್ಲ. ಅವಳ ಪಾಳಿ ತಡವಾಗಿ ಶುರುವಾಗುತ್ತಿತ್ತು. ಅವಳು ಬಾಗಿಲು ತೆರೆಯುವ ಹೊತ್ತಿಗೆ ಹೊಸಿಲಿನಿಂದ ಬೀದಿಯವರೆಗೂ ದಾರಿ ಶುಭ್ರವಾಗಿರುತ್ತಿತ್ತು. ನಸುಕಿನಲ್ಲಿ ಹಿಮಗಾಡಿ ಗುಡುಗುತ್ತಾ ಹೋಗುವುದು ನಿದ್ದೆಗಣ್ಣಿನಲ್ಲಿ ಕೇಳಿಸುತ್ತಿತ್ತು. ಪುರಸಭೆಯ ಆ ಹಿಮಗಾಡಿ ಓಡಿಸುತ್ತಿದ್ದವನು ಕಿಯೋ ಅಜ್ಜಿಯ ಮಗ ಟೊಕುಜಿ, ಐವತ್ತು ದಾಟಿದ, ಮದುವೆಯಾಗದ, ಮಾತೇ ಆಡದ ಮನುಷ್ಯ. ಎಂಥ ದೇಶ, ಯಂತ್ರ ಬಂದು ಪ್ರತಿಯೊಬ್ಬರ ಬಾಗಿಲನ್ನೂ ಬಿಡಿಸಿ ಹೋಗುತ್ತದೆ ಎಂದು ಲಿಗಾಯ ಅಮ್ಮನಿಗೆ ಫೋನಿನಲ್ಲಿ ವರ್ಣಿಸಿದ್ದಳು. ಅಷ್ಟಾದರೂ ನೆರೆಯವರು ಬೆಳಿಗ್ಗೆ ಬೆಳಿಗ್ಗೆ ಸಲಿಕೆ ಹಿಡಿದು ಒದ್ದಾಡುತ್ತಿದ್ದದ್ದನ್ನು ಕಂಡು, ಈ ಜನಕ್ಕೆ ಸ್ವಚ್ಛತೆಯ ಹುಚ್ಚು ಎಂದುಕೊಂಡಿದ್ದಳು.

ಒಮ್ಮೆ ಸೆತ್ಸು ಅವಳನ್ನು ತಡೆದು ನಿಲ್ಲಿಸಿ, "ನಿಮ್ಮ ಬಾಗಿಲು ಯಾವಾಗ್ಲೂ ಎಷ್ಟು ಶುಭ್ರ! ಟೊಕುಜಿಯ ಗಾಡಿಗೆ ನಿಮ್ಮನೆ ಅಂದ್ರೆ ತುಂಬಾ ಪ್ರೀತಿ ಇರ್ಬೇಕು," ಎಂದಳು.

"ಹೌದು! ಟೊಕುಜಿ ತುಂಬಾ ಒಳ್ಳೆಯವರು," ಎಂದಳು ಲಿಗಾಯ, ಹಲ್ಲು ಕಾಣುವಂತೆ ನಗುತ್ತಾ.

ಆ ಸಂಜೆ ಬೀದಿಯಲ್ಲಿ ಎಷ್ಟು ಮನೆಗಳ ಚಹಾ ತಣ್ಣಗಾಯಿತೋ ದೇವರೇ ಬಲ್ಲ.

*

ಅಗ್ನಿಶಾಮಕದವರಿಗೆ ಫೋನು ಹೋಯಿತು. ಪಕ್ಕದೂರಿನಲ್ಲಿ ಹಿಮದ ಭಾರಕ್ಕೆ ಮನೆಯ ಮಾಡೊಂದು ಕುಸಿದಿದೆ, ಬರುವುದು ತಡವಾಗುತ್ತದೆ ಎಂದರು. ಕುರಮೊಚಿ ಗಂಡಸರನ್ನೆಲ್ಲ ಸೇರಿಸಿ, ಉದ್ದನೆಯ ಬಿದಿರು ಕೊಡಿಸಿ, ಕಾಲುವೆಯ ಜಾಡು ಹಿಡಿದು ಕೆಳಗೆ ಕಳಿಸಿದ. ಮುಚ್ಚಳ ತೆಗೆಯುವುದು, ಬಿದಿರು ಇಳಿಸಿ ತಡಕುವುದು, ಮುಂದಿನ ಮುಚ್ಚಳಕ್ಕೆ ಹೋಗುವುದು. ಒಂದೊಂದು ಮುಚ್ಚಳ ತೆಗೆದಾಗಲೂ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಏನೂ ಸಿಗಲಿಲ್ಲ ಎಂದಾಗ ಬಿಡುತ್ತಿದ್ದ ಉಸಿರು ಸಮಾಧಾನದ್ದೋ ಭಯದ್ದೋ ಹೇಳಲಾಗುತ್ತಿರಲಿಲ್ಲ.

ಲಿಗಾಯ ರಜಾಯಿ ಬಿಸಾಡಿ, ಕೋಟು ಸಿಕ್ಕಿಸಿಕೊಂಡು ಹಿಂದೆ ಓಡಿದಳು. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ಹತ್ತಿರ ಬಂದರೆ ಜನ ತುಸು ಸರಿದು ಜಾಗ ಬಿಡುತ್ತಿದ್ದರು. ಬಡಿದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎನಿಸಿತು ಅವಳಿಗೆ. ಬಾಯಲ್ಲಿ ಜಪಮಾಲೆಯ ಪ್ರಾರ್ಥನೆ ಓಡುತ್ತಿತ್ತು, ಮನಸ್ಸಿನಲ್ಲಿ ಮಾತ್ರ ನಿನ್ನೆಯ ಸಂಜೆ. ಕೊನೆಯ ಸಲಿಕೆ. ಫೋನು. ಮುಚ್ಚಳ? ಫೋನು. ಮುಚ್ಚಳ?

ನಿನ್ನೆ ಸಂಜೆ ಕಿಯೋ ಅಜ್ಜಿ ಬಂದು ಬೈದದ್ದೂ ನೆನಪಾಯಿತು. ಒಲೆಗೆ ಸೀಮೆಎಣ್ಣೆ ಮುಗಿಯುತ್ತಾ ಬಂದಿದೆ, ನಾಳೆ ಎಣ್ಣೆಗಾಡಿ ಬರುತ್ತದೆ ಎಂದು ಲಿಗಾಯ ಹೇಳಿದ್ದೇ ತಪ್ಪಾಗಿತ್ತು.

"ಬಂದು ಏನ್ಮಾಡ್ತಾನೆ? ನಿನ್ನ ಟ್ಯಾಂಕಿಗೆ ದಾರಿ ಎಲ್ಲಿದೆ? ಹಿಮ ಕಂಡ್ರೆ ಅವನು ಹಾಗೇ ವಾಪಸ್ ಹೋಗ್ತಾನೆ. ಈಗಲೇ ಬಿಡಿಸಿಡು."

"ನಾಳೆ ಮಾಡ್ತೀನಿ ಅಜ್ಜಿ. ಇವತ್ತು ಸೊಂಟ ನೋವು."

"ನಾಳೆಯಂತೆ! ನಾಳೆ ಅನ್ನೋನ ಮನೆ ಹಾಳು. ಮಾಡೋವಾಗ ಸೂರಿನ ಕೆಳಗೆ ನಿಲ್ಬೇಡ, ತಗಡಿನ ಮಾಡು ನಂಬಿಕೆಗೆ ಯೋಗ್ಯ ಅಲ್ಲ. ಎಷ್ಟು ಸಲ ಹೇಳ್ಲಿ ನಿಂಗೆ?"

ಅದೇ ಕೊನೆಯ ಮಾತು. ಕೊನೆಯ ಮಾತು ಎಂದು ತಾನೇ ಯೋಚಿಸಿದ್ದಕ್ಕೆ ಲಿಗಾಯ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು.

ಊರಾಚೆ ಕಾಲುವೆ ನದಿಗೆ ಬೀಳುವಲ್ಲಿ ದಪ್ಪ ಕಬ್ಬಿಣದ ಜಾಲರಿ ಇದೆ. ಅಲ್ಲಿಗೆ ತಲುಪುವ ಹೊತ್ತಿಗೆ ಹಿಮಗಾಡಿ ಅಡ್ಡಾದಿಡ್ಡಿ ನಿಂತಿತ್ತು, ಅದರ ಹಳದಿ ದೀಪ ಸುತ್ತುತ್ತಿತ್ತು. ಟೊಕುಜಿ ಎದೆಯವರೆಗಿನ ರಬ್ಬರ್ ಉಡುಪು ತೊಟ್ಟು ಆಗಲೇ ನೀರಿಗೆ ಇಳಿದಿದ್ದ. ಜಾಲರಿಗೆ ಕಚ್ಚಿಕೊಂಡಿದ್ದ ಹಿಮದ ಗಡ್ಡೆಗಳನ್ನು ಕೈಯಿಂದ ಎಳೆದೆಳೆದು ಎಸೆಯುತ್ತಿದ್ದ. ಅವನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಅವನ ಕೈಗಳನ್ನೇ ನೋಡುತ್ತಿದ್ದರು.

ಒಂದು ಸಲ ಏನೋ ಕಪ್ಪಗೆ ಕಂಡಿತು. ಟೊಕುಜಿ ಮುಳುಗಿ ಎಳೆದ. ಹಳೆಯ ಟೈರು. ಸೆತ್ಸು ಅಲ್ಲೇ ಕುಸಿದು ಕೂತು ಅಳತೊಡಗಿದಳು.

ಜಾಲರಿ ಖಾಲಿಯಾಯಿತು. ಅಲ್ಲಿ ಅಜ್ಜಿ ಇರಲಿಲ್ಲ.

"ಹಾಗಾದ್ರೆ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿದಾರೆ," ಎಂದ ಕುರಮೊಚಿ, ದನಿ ತಗ್ಗಿಸಿ. "ನೀರು ನಿಲ್ಲಿಸೋಕೆ ಹೇಳೋಣ. ನೀರಿಳಿದ ಮೇಲೆ ಒಳಗೆ ಇಳಿದು ನೋಡ್ಬೇಕು."

ನೀರಿಳಿಯುವುದೆಂದರೆ ಎಷ್ಟು ಹೊತ್ತೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟು ಹೊತ್ತಿನ ಮೇಲೆ ಹುಡುಕುವುದು ಯಾವುದನ್ನೆಂದೂ ಗೊತ್ತಿತ್ತು.

ಟೊಕುಜಿ ದಂಡೆ ಹತ್ತಿ ಬಂದ. ಮೊಣಕಾಲವರೆಗಿನ ಹಿಮದಲ್ಲಿ ಲಿಗಾಯ ಅವನ ಎದುರಿಗೆ ಹೋಗಿ ನಿಂತಳು. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ತಪ್ಪಿತಸ್ಥರು ದೂರದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರೆ, ಆಮೇಲೆ ಕರಿ ಬಟ್ಟೆ ತೊಟ್ಟು ಮನೆಗೆ ಬರುತ್ತಾರೆ. ಅವಳಿಗೆ ಅದೆಲ್ಲ ಎಲ್ಲಿ ಗೊತ್ತು? ಅವಳ ಊರಿನಲ್ಲಿ ತಪ್ಪು ಮಾಡಿದರೆ ಹೋಗಿ ಕಾಲು ಹಿಡಿದು ಅಳುತ್ತಾರೆ.

"ಮುಚ್ಚಳ ನಾನು ಮರೆತೆ, ಇರಬಹುದು," ಎಂದಳು. ಕಲಿತಿದ್ದ ಜಪಾನಿಯೆಲ್ಲ ಚೂರುಚೂರಾಗಿ ಬರುತ್ತಿತ್ತು. "ನನ್ನಿಂದ ನಿಮ್ಮ ಅಮ್ಮ... ನೀವು ನನಗೆ ಇಷ್ಟು ಒಳ್ಳೇದು ಮಾಡಿದ್ರಿ. ದಿನಾ ಬೆಳಿಗ್ಗೆ ನನ್ನ ಬಾಗಿಲು ಬಿಡಿಸಿ ಕೊಟ್ರಿ. ಇವತ್ತೂ ಬಿಡಿಸಿದ್ರಿ. ನಾನು ಒಂದು ದಿನವೂ ಥ್ಯಾಂಕ್ಸ್ ಹೇಳಲಿಲ್ಲ. ನಾನು ಇಂಥ ಕೆಲಸ ಮಾಡಿದೆ."

ಸೆತ್ಸು ಅಳು ನಿಲ್ಲಿಸಿ ತಲೆಯೆತ್ತಿದಳು.

ಟೊಕುಜಿ ಅವಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ಏನಂದ್ರಿ?"

"ದಿನಾ ಬಾಗಿಲು. ನಿಮ್ಮ ಗಾಡಿ."

"ಗಾಡಿ ಬಾಗಿಲು ಬಿಡಿಸಲ್ಲ," ಎಂದ ಟೊಕುಜಿ. "ಗಾಡಿ ರಸ್ತೆ ಬಿಡಿಸುತ್ತೆ. ರಸ್ತೆಯ ಹಿಮವನ್ನೆಲ್ಲ ತಂದು ಬಾಗಿಲಿಗೇ ಗೋಡೆ ಕಟ್ಟಿ ಹೋಗುತ್ತೆ. ಎಲ್ಲರ ಬಾಗಿಲಿಗೂ."

"ನನ್ನ ಬಾಗಿಲಿಗೆ ಇಲ್ಲ."

"ನಿಮ್ಮ ಬಾಗಿಲಿಗೂ."

ಅವನ ಜನ್ಮದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ.

"ಇವತ್ತು ಬಾಗಿಲು ಹೇಗಿತ್ತು?" ಕೇಳಿದ ಟೊಕುಜಿ.

ಲಿಗಾಯ ಕಣ್ಣು ಮುಚ್ಚಿ ನೆನೆದಳು. ಬಡಿತ. ಬಾಗಿಲು. ಕುರಮೊಚಿ ನಿಂತಿದ್ದ ಜಾಗ. ಅವನು ಹೊಸಿಲಿನ ಹತ್ತಿರವೇ ನಿಂತಿದ್ದ, ಗೋಡೆ ಹತ್ತಿ ಬಂದಿರಲಿಲ್ಲ. ಅವನ ಬೂಟಿನ ಕೆಳಗೆ ಎರಡು ಬೆರಳು ಹೊಸ ಹಿಮ, ಅಷ್ಟೇ.

"ಬಿಡಿಸಿತ್ತು," ಎಂದಳು. ಹೇಳುತ್ತಿದ್ದಂತೆ ಇನ್ನೊಂದು ನೆನಪು ಎದೆಗೆ ಗುದ್ದಿತು. ಬಡಿತಕ್ಕೂ ಮೊದಲು, ನಿದ್ದೆಯಲ್ಲಿ, ಮಾಡಿನಿಂದ ಹಿಮ ಜಾರಿ ಬಿದ್ದ ಧಡ್ ಎಂಬ ಸದ್ದು ಕೇಳಿಸಿತ್ತು. ಬಂದ ಹೊಸತರಲ್ಲಿ ಆ ಸದ್ದಿಗೆ ಭೂಕಂಪವೆಂದು ಹೊರಗೆ ಓಡುತ್ತಿದ್ದಳು. ಈಗ ರೂಢಿಯಾಗಿತ್ತು. ಮಗ್ಗುಲು ಬದಲಿಸಿ ಮಲಗಿದ್ದಳು.

"ಟ್ಯಾಂಕ್!" ಎಂದು ಕಿರುಚಿದಳು. "ಎಣ್ಣೆ ಟ್ಯಾಂಕ್!"

ಯಾರಿಗೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಅವಳಿಗೆ ಭಾಷೆಯೂ ಇರಲಿಲ್ಲ, ವ್ಯವಧಾನವೂ ಇರಲಿಲ್ಲ. ತಿರುಗಿ ಓಡಿದಳು.

"ಎಲ್ಲಿಗೆ? ಏಯ್, ಎಲ್ಲಿಗೆ ಹೋಗ್ತೀರಾ?" ಕುರಮೊಚಿ ಕೂಗಿದ. "ಇಲ್ಲಿ ಜನ ಸಾಯ್ತಿದಾರೆ, ಇವಳಿಗೆ ಎಣ್ಣೆ ಚಿಂತೆ!"

ಟೊಕುಜಿ ಏನೂ ಕೇಳದೆ ಅವಳ ಹಿಂದೆ ಓಡಿದ.

*

ಲಿಗಾಯಳ ಮನೆಗೂ ಅಜ್ಜಿಯ ಮನೆಗೂ ನಡುವೆ ಒಂದು ಸಂದಿ ಇದೆ. ಒಬ್ಬರು ನಡೆಯುವಷ್ಟು ಅಗಲ. ಅದರ ಕೊನೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಸೀಮೆಎಣ್ಣೆಯ ಟ್ಯಾಂಕು. ನಿನ್ನೆ ಸಂಜೆ ಆ ಸಂದಿಯಲ್ಲಿ ಸೊಂಟದವರೆಗೆ ಹಿಮವಿತ್ತು, ಲಿಗಾಯ ಕಣ್ಣಾರೆ ನೋಡಿ 'ನಾಳೆ' ಅಂದಿದ್ದಳು. ಈಗ ಸಂದಿಯ ಬಾಯಿಯಿಂದ ಅರ್ಧದವರೆಗೆ ನೆಲ ಕಾಣುವಂತೆ ದಾರಿ ಬಿಡಿಸಿತ್ತು. ಅಂಚುಗಳನ್ನು ಸಲಿಕೆಯಿಂದ ತಟ್ಟಿ ನೇರ ಮಾಡಿದ್ದರು, ಕಿಯೋ ಅಜ್ಜಿ ತನ್ನ ಮನೆಯ ಮುಂದೆ ಮಾಡುವ ಹಾಗೆಯೇ. ಅಲ್ಲಿಂದಾಚೆ, ಟ್ಯಾಂಕು ಇರಬೇಕಾದಲ್ಲಿ, ಮಾಡಿನಿಂದ ಜಾರಿಬಿದ್ದ ಹಿಮ ಗುಡ್ಡೆಯಾಗಿ ನಿಂತಿತ್ತು. ಮಾಡು ಬೋಳಾಗಿ ತಗಡು ಕಾಣುತ್ತಿತ್ತು.

ಟೊಕುಜಿ ಸಲಿಕೆ ಎತ್ತಿದ. ಲಿಗಾಯ ಅವನ ಕೈ ಹಿಡಿದುಕೊಂಡಳು.

"ಸಲಿಕೆ ಬೇಡ. ಮುಖಕ್ಕೆ ತಾಗುತ್ತೆ. ಕೈ, ಕೈ!"

ಇಬ್ಬರೂ ಕೈಯಿಂದ ಬಗೆದರು. ಮಾಡಿನಿಂದ ಬಿದ್ದ ಹಿಮ ಹಿಟ್ಟಿನಂತಿರುವುದಿಲ್ಲ, ಕಲ್ಲಿನಂತಿರುತ್ತದೆ. ಲಿಗಾಯಳ ಕೈಗವಸು ಎಲ್ಲೋ ಬಿತ್ತು, ಉಗುರು ಕಿತ್ತುಬಂತು, ಅವಳಿಗೆ ಗೊತ್ತಾಗಲಿಲ್ಲ. "ಅಜ್ಜಿ, ಅಜ್ಜಿ," ಎಂದು ಕೂಗುತ್ತಲೇ ಇದ್ದಳು. ಹಿಂದೆ ಕುರಮೊಚಿ, ಸೆತ್ಸು, ಉಳಿದವರು ಏದುಸಿರು ಬಿಡುತ್ತಾ ಬಂದು ಸೇರಿದರು. ಸಂದಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನಕ್ಕೆ ಜಾಗವಿರಲಿಲ್ಲ. ಬಗೆದ ಹಿಮವನ್ನು ಅವರು ಕೈಯಿಂದ ಕೈಗೆ ದಾಟಿಸಿ ಹೊರಗೆ ಹಾಕಿದರು.

ಮೊದಲು ಸಿಕ್ಕಿದ್ದು ಸಲಿಕೆಯ ಹಿಡಿ. ಆಮೇಲೆ ಒಂದು ಬೂಟು. ಬೂಟಿನೊಳಗೆ ಕಾಲಿತ್ತು, ಅಲುಗಲಿಲ್ಲ. ಟೊಕುಜಿ ಅಲ್ಲಿಗೇ ನಿಂತುಬಿಟ್ಟ. ಅವನ ಕೈಗಳು ಮುಂದೆ ಹೋಗಲೊಲ್ಲವು. ಲಿಗಾಯ ಅವನನ್ನು ಪಕ್ಕಕ್ಕೆ ನೂಕಿ, ಹೊಟ್ಟೆಯ ಮೇಲೆ ಮಲಗಿ, ಟ್ಯಾಂಕಿನ ಅಡಿಯ ಕತ್ತಲೆಗೆ ತೋಳು ಚಾಚಿದಳು. ಟ್ಯಾಂಕಿನ ಕಬ್ಬಿಣದ ಕಾಲುಗಳ ನಡುವೆ ಹಿಮ ತುಂಬಿರಲಿಲ್ಲ. ಅಲ್ಲಿ ಉಣ್ಣೆಯ ಟೋಪಿ ಕೈಗೆ ಸಿಕ್ಕಿತು, ಕೆಳಗೆ ಕೆನ್ನೆ. ಮೂಗಿನ ಹತ್ತಿರ ಬೆರಳಿಟ್ಟಳು. ಅವಳ ಬೆರಳುಗಳೇ ಮರಗಟ್ಟಿದ್ದವು, ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ತಿಳಿಯದೆ ಹಾಗೇ ಕೆನ್ನೆಯನ್ನು ಹಿಡಿದುಕೊಂಡಿದ್ದಳು.

"ಕೈ ತೆಗಿ," ಎಂದಿತು ಕತ್ತಲೆ, ಗೊಗ್ಗರು ದನಿಯಲ್ಲಿ. "ಹೆಣದ ಕೈ ಇದ್ದ ಹಾಗಿದೆ."

ಲಿಗಾಯ ಹೋ ಎಂದು ಅತ್ತುಬಿಟ್ಟಳು.

*

ಸೊಂಟದ ಮೂಳೆ ಮುರಿದಿತ್ತು. ಕಾಲ್ಬೆರಳು ಎರಡು ಹೋದವು. ಬದುಕಿದ್ದೇ ಹೆಚ್ಚು, ಇನ್ನು ಸಲಿಕೆ ಹಿಡಿಯುವ ಮಾತು ಬೇಡ ಎಂದರು ಆಸ್ಪತ್ರೆಯವರು. ಆ ರಾತ್ರಿ ಹಿಮ ಬೀಳಲಿಲ್ಲ, ನಸುಕಿನಲ್ಲಿ ಹಿಮಗಾಡಿಯೂ ಬರಲಿಲ್ಲ. ಮರುದಿನ ಮಧ್ಯಾಹ್ನ ಲಿಗಾಯ ನೋಡಲು ಹೋದಳು. ಅಷ್ಟರಲ್ಲಿ ಕುರಮೊಚಿ ಅವಳ ಮನೆಗೆ ಬಂದು, ಹೊಸಿಲಲ್ಲೇ ನಿಂತು, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ಹೋಗಿದ್ದ. ಆದರೆ ಅವಳಿಗೆ ಅದರಿಂದ ಸಮಾಧಾನವಾಗಿರಲಿಲ್ಲ. ಮುಚ್ಚಳದ ಪ್ರಶ್ನೆ ಮೂಳೆ ಸಿಕ್ಕಿಕೊಂಡ ಹಾಗೆ ಗಂಟಲಲ್ಲೇ ಇತ್ತು.

"ಅಜ್ಜಿ, ಮುಚ್ಚಳ. ನಾನು ಮರೆತಿದ್ನಾ?"

"ಮರೆತಿದ್ರೆ ಚೆನ್ನಾಗಿತ್ತು," ಎಂದಳು ಕಿಯೋ ಅಜ್ಜಿ. "ಅದೇನು ಕೊಕ್ಕೆ ಎಳೆದಿದ್ದೆಯೇ ಮಾರಾಯ್ತಿ! ಬಿಚ್ಚೋಕೆ ನನ್ನ ಪ್ರಾಣ ಹೋಯ್ತು. ಅದಕ್ಕೇ ಆ ಕಡೆ ಟ್ಯಾಂಕಿನ ದಾರಿಗೆ ಹೊತ್ತಾಯ್ತು, ಅಲ್ಲಿನ ಹಿಮಾನೂ ತಳ್ಳೋಕೆ ಅಂತ ಮುಚ್ಚಳ ತೆರೆದೇ ಬಿಟ್ಟಿದ್ದೆ. ಬೇಗ ಮುಗಿದಿದ್ರೆ ಮಾಡು ಜಾರೋ ಹೊತ್ತಿಗೆ ನಾನು ಒಲೆ ಮುಂದೆ ಇರ್ತಿದ್ದೆ."

ಮುಚ್ಚಿದ್ದಳು. ಗಟ್ಟಿಯಾಗಿ ಮುಚ್ಚಿದ್ದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಲಿಗಾಯ ಕುರ್ಚಿಯಲ್ಲಿ ಕುಸಿದಳು. ಆದರೆ ಇಳಿದ ಕಲ್ಲಿನ ಜಾಗಕ್ಕೆ ಇನ್ನೊಂದು ಬಂದು ಕೂತಿತು.

"ಯಾಕೆ ಮಾಡಿದ್ರಿ? ಇಷ್ಟು ದಿನ?"

ಅಜ್ಜಿ ಕಿಟಕಿಯ ಕಡೆ ನೋಡಿದಳು. "ಒಳಗೆ ಬಾ ಅಂದ್ರೆ ಬಂದೋಳು ನೀನೊಬ್ಬಳೇ," ಎಂದಳು. "ನಾನೂ ಕಡಲಿನ ಕಡೆಯಿಂದ ಬಂದೋಳೇ. ಮದುವೆಯಾಗಿ ಬಂದ ಮೊದಲ ಚಳಿಗಾಲ ಹಿಮ ಎತ್ತೋದು ಹೇಗೆ ಅಂತ ಯಾರೂ ಹೇಳಿಕೊಡ್ಲಿಲ್ಲ. ಎಲ್ಲ ನಿಂತು ನೋಡಿದ್ರು."

"ನೀವೂ ನನಗೆ ಹೇಳಿಕೊಡಲಿಲ್ಲ!" ಲಿಗಾಯಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. "ಬೈದ್ರಿ. ಬೇಗ ಏಳು ಅಂದ್ರಿ. ಯಾಕೆ ಏಳ್ಬೇಕು ಅಂತ ಹೇಳ್ಲಿಲ್ಲ. ಒಂದು ಮಾತು ಹೇಳಿದ್ರೆ ನಾನು ಏಳ್ತಿದ್ದೆ. ನೀವು ಇಲ್ಲಿ ಮಲಗ್ತಿರ್ಲಿಲ್ಲ."

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಹಿರಿಯರಿಗೆ ಹಾಗೆ ಎದುರು ಮಾತಾಡುವುದನ್ನು ಅವರು ಕೇಳಿರಲಾರರು. ಕಿಯೋ ಅಜ್ಜಿ ಹೊದಿಕೆಯ ಅಂಚನ್ನು ತಟ್ಟಿ ನೇರ ಮಾಡಿದಳು.

"ಅದೂ ಸರಿಯೇ," ಎಂದಳು ಕೊನೆಗೆ. ಮತ್ತೆ, "ಬೆಕ್ಕಿಗೆ ಮೀನು ಹಾಕು."

ರಾತ್ರಿ ಮತ್ತೆ ಹಿಮ ಸುರಿಯಿತು. ಮರುದಿನ ನಸುಕಿನಲ್ಲಿ ಹಿಮಗಾಡಿ ಗುಡುಗುತ್ತಾ ಹೋದದ್ದೇ ತಡ ಲಿಗಾಯ ಎದ್ದಳು. ಕೋಟು ತೊಟ್ಟು, ಬಾಗಿಲು ಸರಿಸಿದಳು.

ಎದುರಿಗೆ ಗೋಡೆ. ಎದೆಮಟ್ಟದ ಗೋಡೆ, ಗಾಡಿಯ ಅಲಗು ಒತ್ತಿದ ಗುರುತಿನ ಸಮೇತ. ಬೀದಿ ಕಾಣುತ್ತಿರಲಿಲ್ಲ. ಅವಳು ಸುಮ್ಮನೆ ನೋಡುತ್ತಾ ನಿಂತಳು. ಇದು ಪ್ರತಿ ಬೆಳಿಗ್ಗೆಯೂ ಇಲ್ಲಿತ್ತು. ಅವಳು ಮಲಗಿದ್ದಾಗ, ಈ ದೇಶ ಎಷ್ಟು ಚೆನ್ನ ಎಂದು ಅಮ್ಮನಿಗೆ ಹೇಳಿದ ದಿನವೂ, ಇಲ್ಲಿತ್ತು.

ಸಲಿಕೆ ಊರಿ ಎತ್ತಿದಳು. ಏಳಲಿಲ್ಲ. ಅರ್ಧ ಚೆಲ್ಲಿ ಮತ್ತೆ ಎತ್ತಿದಳು. ತನ್ನ ಬಾಗಿಲಿನಿಂದ ಹೊರಬೀಳುವಷ್ಟು ಮಾತ್ರ ಬಿಡಿಸಿಕೊಂಡು ಅಜ್ಜಿಯ ಮನೆಯ ಕಡೆ ಹೋದಳು. ಅಲ್ಲಿ ಕಾಲುವೆಯ ಮುಚ್ಚಳ ತೆಗೆದು, ಹೊಸಿಲಿನಿಂದ ಬೀದಿಯವರೆಗೆ ನೆಲ ಕಾಣುವ ತನಕ ಗೋರಿದಳು, ಅಂಚುಗಳನ್ನು ತಟ್ಟಿ ನೇರ ಮಾಡಿದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಎಂಬತ್ತು ದಾಟಿದ ಮುದುಕಿ, ಬಿಲ್ಲಿನಂಥ ಬೆನ್ನು, ಮೊದಲು ತನ್ನ ಬಾಗಿಲು, ಆಮೇಲೆ ನನ್ನ ಬಾಗಿಲು, ದಿನಾ ಎರಡು ಮನೆ ಎಂದು ಯೋಚಿಸುತ್ತಾ ಅತ್ತಳು. ಕಣ್ಣೀರು ಕೆನ್ನೆಯ ಮೇಲೇ ಗಡ್ಡೆಕಟ್ಟಿತು.

ಎದುರು ಮನೆಯ ಬಾಗಿಲು ಸರಿಯಿತು. ಸೆತ್ಸು ಸಲಿಕೆ ಹಿಡಿದು ಹೊರಗೆ ಬಂದಳು. ಅಜ್ಜಿಯ ಶುಭ್ರವಾದ ಹೊಸಿಲನ್ನೂ, ಲಿಗಾಯಳ ಮನೆಯ ಮುಂದೆ ಇನ್ನೂ ನಿಂತಿದ್ದ ಗೋಡೆಯನ್ನೂ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿದಳು.

"ಬಾಯಿಬಿಟ್ಟು ಹೇಳಿ," ಎಂದಳು ಲಿಗಾಯ, ಮೂಗು ಒರೆಸಿಕೊಳ್ಳುತ್ತಾ. "ನನಗೆ ಹೇಳಿದ್ರೆ ಮಾತ್ರ ಗೊತ್ತಾಗೋದು."

"ಸಲಿಕೆಯನ್ನ ಹಾಗೆ ಹಿಡಿಬಾರದು," ಎಂದಳು ಸೆತ್ಸು. "ಸೊಂಟ ಹೋಗುತ್ತೆ. ಕೊಡಿ ಇಲ್ಲಿ, ತೋರಿಸ್ತೀನಿ."

ನೀರು ನಿಲ್ಲುವ ಹೊತ್ತಾಗಿತ್ತು. ಲಿಗಾಯ ಅಜ್ಜಿಯ ಮನೆಯ ಮುಂದಿನ ಮುಚ್ಚಳ ಹಾಕಿ ಕೊಕ್ಕೆ ಎಳೆದಳು, ಗಟ್ಟಿಯಾಗಿ. ಎದ್ದು ನಿಂತವಳು ಮತ್ತೆ ಬಗ್ಗಿ, ಅದು ಮುಚ್ಚಿದೆಯೆಂದು ಬಾಯಿಬಿಟ್ಟು ತನಗೆ ತಾನೇ ಒಮ್ಮೆ ಹೇಳಿಕೊಂಡಳು.